ಬೆಂಕಿಗೆ ಮುಂಚಿನ ಬಾವಿ

(ಆಕಾಶವಾಣಿ ಭಾಷಣ)

2023ರ ಬೇಸಗೆಯಲ್ಲಿ, ಚಿಂಚೋಳಿಯ ಹಳೆಯ ಓಣಿಯೊಂದರಲ್ಲಿ, ನನ್ನ ಪರಿಚಯದ ತರುಣನೊಬ್ಬ ಎಲೆಕ್ಟ್ರಿಕ್ ಸ್ಕೂಟರ್ ಕೊಂಡು ತಂದ. ಮನೆ ಚಿಕ್ಕದು, ಶಹಾಬಾದಿ ಫರಸಿ ಹಾಸಿದ ಪಡಸಾಲೆ, ಅದರ ಹಿಂದೆ ಎರಡು ಕೋಣೆ, ಹೊರಗೆ ಬರಲು ಒಂದೇ ಬಾಗಿಲು. ಗಾಡಿಗೆ ಕುಂಕುಮ ಹಚ್ಚಿ ಕಾಯಿ ಒಡೆದದ್ದಾಯಿತು. ಸಂಜೆ ಅದನ್ನು ಪಡಸಾಲೆಗೆ ಏರಿಸಿ, ಬಾಗಿಲ ಮಗ್ಗುಲಲ್ಲೇ ನಿಲ್ಲಿಸಿ, ತಂತಿ ಜೋಡಿಸಿ, ಬ್ಯಾಟರಿ ತುಂಬಲು ಬಿಟ್ಟ. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವಳು ಕೇಳಿದಳು: “ಗಾಡಿ ಛಲೋ ಅದ ತಮ್ಮಾ. ಎಣ್ಣಿ ಬೇಡಂಗಿಲ್ಲ, ಹೊಗಿ ಬಿಡಂಗಿಲ್ಲ. ಖರೇ, ಅದಕ್ಕೇ ಬೆಂಕಿ ಹತ್ತಿದ್ರ ನೀರು ಯಾರ್ ತರ್ತಾರಪಾ?” ತರುಣ ನಕ್ಕುಬಿಟ್ಟ. “ಸರಕಾರ ಅದ ಅಲ್ಲಾ ಅವ್ವಾ!” ಎಂದ.

ಅವನ ಉತ್ತರ ತಮಾಷೆಯದಾದರೂ ಅದರಲ್ಲಿ ಅರ್ಧ ಸತ್ಯವಿತ್ತು. ಗಾಡಿಯ ಬೆಲೆಯಲ್ಲಿ ಒಂದು ಪಾಲನ್ನು ಸರಕಾರವೇ ಸಹಾಯಧನವಾಗಿ ಭರಿಸಿತ್ತು. ಕೊಳ್ಳುವಾಗ ಜೊತೆಗಿದ್ದ ಸರಕಾರ ಉರಿಯುವಾಗಲೂ ಜೊತೆಗಿರುವುದೇ? ಮುದುಕಿಯ ಪ್ರಶ್ನೆ ನಿಜವಾಗಿ ಇದು. ಈ ಪ್ರಶ್ನೆಯನ್ನು ಕುರಿತು ನನಗೆ ತೋಚಿದ ಕೆಲವು ಮಾತುಗಳನ್ನು ಇಂದು ಕೇಳುಗರ ಮುಂದೆ ಇಡಬಯಸುತ್ತೇನೆ.

ಮೊದಲು ಬಾಲ್ಯದ ಒಂದು ನೆನಪು. ಮುಲ್ಲಾಮಾರಿ ನದಿಯ ಸೀಮೆಯ ನಮ್ಮ ಹಳ್ಳಿಯಲ್ಲಿ ಒಂದು ರಾತ್ರಿ ಜೋಳದ ಕಣಕಿಯ ಬಣವೆಗೆ ಬೆಂಕಿ ಬಿದ್ದಿತು. ಯಾರೋ ಹಲಗೆ ಬಾರಿಸಿದರು. ನಿದ್ದೆಗಣ್ಣಿನಲ್ಲೇ ಊರು ಎದ್ದು ಬಂದಿತು. ಬಾವಿಯಿಂದ ಬಣವೆಯವರೆಗೆ ಹೆಂಗಸರು, ಗಂಡಸರು, ನಮ್ಮಂಥ ಹುಡುಗರು ಸಾಲುಗಟ್ಟಿ ನಿಂತೆವು. ಕೊಡ ಕೈಯಿಂದ ಕೈಗೆ ಹೋಯಿತು. ಬೆಳಗಾಗುವಷ್ಟರಲ್ಲಿ ಬಣವೆ ಬೂದಿಯಾಗಿತ್ತು. ಆದರೆ ಅದರ ಬದಿಯ ದನದ ಕೊಟ್ಟಿಗೆ ಉಳಿದಿತ್ತು, ಕೊಟ್ಟಿಗೆಯ ಆಚೆಗಿನ ಮನೆಗಳು ಉಳಿದಿದ್ದವು. ನಮ್ಮ ಅಜ್ಜ ಮುಖ ತೊಳೆಯುತ್ತ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: “ಬಣವಿ ಹೋತು, ಊರು ಉಳೀತು.”

ಆ ಬಾವಿಯ ಕಥೆಯನ್ನೂ ಅಜ್ಜನೇ ಹೇಳಿದ್ದ. ಅದನ್ನು ತೋಡಿಸುವಾಗ ಊರಲ್ಲಿ ಪಟ್ಟಿ ಎತ್ತಿದ್ದರಂತೆ. ಹೊಲ ಹೆಚ್ಚಿದ್ದವರು ಹೆಚ್ಚು ಕೊಟ್ಟರು, ಕಡಿಮೆಯಿದ್ದವರು ಕಡಿಮೆ ಕೊಟ್ಟರು, ಏನೂ ಇಲ್ಲದವರು ಮೈಮುರಿದು ಮಣ್ಣು ಹೊತ್ತರು. ಬಣವೆಯೇ ಇಲ್ಲದವನೂ ಆ ಪಟ್ಟಿಯಲ್ಲಿ ಸೇರಿದ್ದ. ಏಕೆಂದರೆ ಬೆಂಕಿ ಬಣವೆಯಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಂದು ನಾವು ‘ಸಾರ್ವಜನಿಕ ನಿಧಿ’, ‘ಅನುದಾನ’, ‘ಯೋಜನಾ ವೆಚ್ಚ’ ಎಂದೆಲ್ಲ ದೊಡ್ಡ ಮಾತುಗಳಲ್ಲಿ ಕರೆಯುವ ವಸ್ತುವಿನ ಮೂಲ ಆ ಪಟ್ಟಿಯಲ್ಲಿದೆ. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಬಾರದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಬಾವಿಯನ್ನು ಮುಂಚೆಯೇ ತೋಡುವುದಕ್ಕೆ ಹಣ ಯಾರು ಕೊಡಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಊರೇ ನಿರ್ಧರಿಸಬೇಕಾಗುತ್ತದೆ.

ಈಗ ಊರಿಗೆ ಹೊಸ ಬಗೆಯ ಬೆಂಕಿ ಬಂದಿದೆ. ಬೆಂಕಿಗಳೆಲ್ಲ ಒಂದೇ ಜಾತಿಯವಲ್ಲ. ಕಣಕಿಯ ಬೆಂಕಿ ನೀರಿಗೆ ಮಣಿಯುತ್ತದೆ. ಪೆಟ್ರೋಲಿನ ಬೆಂಕಿ ಹೊರಗಿನ ಗಾಳಿಯನ್ನು ನಂಬಿ ಬದುಕುತ್ತದೆ. ನೊರೆಯ ಹೊದಿಕೆ ಹೊದಿಸಿ ಗಾಳಿ ತಪ್ಪಿಸಿದರೆ ಉಸಿರುಕಟ್ಟಿ ಆರುತ್ತದೆ. ಲಿಥಿಯಂ ಬ್ಯಾಟರಿಯ ರೀತಿ ಬೇರೆ. ಅದು ಒಂದು ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿದ ಹಲವಾರು ಚಿಕ್ಕ ಕೋಶಗಳ ಸಮೂಹ. ಪ್ರತಿ ಕೋಶದಲ್ಲಿಯೂ ಧನ, ಋಣ ಧ್ರುವಗಳನ್ನು ಬೇರ್ಪಡಿಸುವ ತೆಳುವಾದೊಂದು ಪ್ಲಾಸ್ಟಿಕ್ ಪೊರೆ ಇರುತ್ತದೆ. ತಯಾರಿಕೆಯ ದೋಷದಿಂದಲೋ, ಪೆಟ್ಟಿನಿಂದಲೋ, ಅತಿಯಾಗಿ ತುಂಬಿದ್ದರಿಂದಲೋ, ಹೊರಗಿನ ಕಾವಿನಿಂದಲೋ ಆ ಪೊರೆ ಹಾಳಾದರೆ ಕೋಶದ ಒಳಗೇ ಶಾಖ ಹುಟ್ಟುತ್ತದೆ. ಆ ಶಾಖ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಅದು ಪಕ್ಕದ ಕೋಶಕ್ಕೆ ದಾಟುತ್ತದೆ. ಒಮ್ಮೆ ಈ ಓಟ ಆರಂಭವಾದರೆ ಮಣ್ಣು ಮುಚ್ಚಿಯೋ ನೊರೆ ಹರಡಿಯೋ ಅದನ್ನು ನಿಲ್ಲಿಸುವುದು ಕಷ್ಟ. ಏಕೆಂದರೆ ಆ ಶಾಖಕ್ಕೆ ಹೊರಗಿನ ಗಾಳಿಯ ಹಂಗಿಲ್ಲ. ಅದನ್ನು ತಣಿಸುವುದೊಂದೇ ದಾರಿ. ತಣಿಸಲು ನೀರು ಬೇಕು, ಬಹಳ ಹೊತ್ತು ಬೇಕು. ಆರಿತು ಎಂದುಕೊಂಡ ಬ್ಯಾಟರಿ ಗಂಟೆಗಳ ತರುವಾಯ, ಕೆಲವೊಮ್ಮೆ ದಿನಗಳ ತರುವಾಯ, ಮತ್ತೆ ಹೊತ್ತಿಕೊಂಡ ನಿದರ್ಶನಗಳಿವೆ. ಮೇಲಾಗಿ ಅದರ ಹೊಗೆ ಸಾಮಾನ್ಯ ಹೊಗೆಯಲ್ಲ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್ ಮೊದಲಾದ ವಿಷಾನಿಲಗಳು ಅದರಲ್ಲಿ ಸೇರಿರುತ್ತವೆ.

ಇಷ್ಟು ಹೇಳಿದಾಕ್ಷಣ ಎಲೆಕ್ಟ್ರಿಕ್ ಗಾಡಿಯೇ ಬೇಡ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಲೆಕ್ಕ ನೋಡಿದರೆ ಚಿತ್ರ ತಿರುಗುಮುರುಗಾಗಿದೆ. ಸ್ವೀಡನ್ ದೇಶದ ಸರಕಾರಿ ಸಂಸ್ಥೆಯ ಅಂಕಿಗಳಂತೆ, 2022ರಲ್ಲಿ ಅಲ್ಲಿನ ಸುಮಾರು 6,11,000 ಎಲೆಕ್ಟ್ರಿಕ್ ವಾಹನಗಳಲ್ಲಿ ಬೆಂಕಿಗೆ ತುತ್ತಾದವು 23; ಸುಮಾರು 44 ಲಕ್ಷ ಪೆಟ್ರೋಲ್, ಡೀಸೆಲ್ ವಾಹನಗಳಲ್ಲಿ 3,400ರಷ್ಟು. ಎಂದರೆ ಹೊಸ ಗಾಡಿ ಹೊತ್ತಿಕೊಳ್ಳುವುದು ಹಳೆಯದಕ್ಕಿಂತ ಬಹಳ ಅಪರೂಪ. ಆದರೆ ಹೊತ್ತಿಕೊಂಡಾಗ ಅದನ್ನು ಆರಿಸುವ ವಿದ್ಯೆ ಬೇರೆ, ಸಲಕರಣೆ ಬೇರೆ. ಹಾವು ಅಪರೂಪಕ್ಕೆ ಕಚ್ಚುತ್ತದೆಂದು ಆಸ್ಪತ್ರೆಯಲ್ಲಿ ಔಷಧ ಇಡದೆ ಇರುತ್ತೇವೆಯೇ? ಪ್ರಶ್ನೆ ಭಯದ್ದಲ್ಲ, ಸಿದ್ಧತೆಯದು.

ನಮ್ಮ ದೇಶ ಈ ಪಾಠವನ್ನು ಕೆಲವು ಸಾವುಗಳಿಂದಲೇ ಕಲಿಯಬೇಕಾಯಿತು. 2022ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಮನೆಯಲ್ಲಿ ಬ್ಯಾಟರಿ ತುಂಬಲು ಬಿಟ್ಟಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ತಂದೆ ಮತ್ತು ಮಗಳು ಹೊಗೆಯಿಂದ ಉಸಿರುಕಟ್ಟಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದರಲ್ಲಿ ಎದ್ದ ಬೆಂಕಿಯ ಹೊಗೆ ಮೆಟ್ಟಿಲುಗಳ ಮೂಲಕ ಮೇಲಿನ ವಸತಿಗೃಹಕ್ಕೆ ನುಗ್ಗಿ 8 ಜನ ಅಸುನೀಗಿದರು. ಸಿಕಂದರಾಬಾದ್ ನಮಗೆ ದೂರದ ಊರಲ್ಲ. ಚಿಂಚೋಳಿಯವರು ತಾಂಡೂರಿನ ಮಾರ್ಗವಾಗಿ ವ್ಯಾಪಾರಕ್ಕೂ ವೈದ್ಯಕ್ಕೂ ಹೈದರಾಬಾದಿಗೆ ಹೋಗಿಬರುವುದು ತಲೆಮಾರುಗಳಿಂದ ನಡೆದುಬಂದಿದೆ. 2024ರ ನವೆಂಬರ್ 19ರಂದು ಬೆಂಗಳೂರಿನ ರಾಜಾಜಿನಗರದಲ್ಲಿ ಅಂಥದೇ ಮಳಿಗೆಗೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಯುವತಿ ಹೊರಬರಲಾರದೆ ಸತ್ತಳು. ಗಮನಿಸಬೇಕಾದ ಮಾತೆಂದರೆ, ಈ ಮೂರು ಕಡೆಗಳಲ್ಲಿಯೂ ಪ್ರಾಣ ಹೋದದ್ದು ರಸ್ತೆಯ ಮೇಲೆ ಓಡುವಾಗ ಅಲ್ಲ. ಗಾಡಿ ಸೂರಿನಡಿ ನಿಂತಿದ್ದಾಗ, ಜನ ಒಳಗೆ ಸಿಕ್ಕಿಕೊಂಡಾಗ.

2022ರ ಆ ಘಟನೆಗಳ ನಂತರ ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಲಾಯಿತು. ಹೊಸ ಮಾನದಂಡಗಳು 2022ರ ಡಿಸೆಂಬರ್ 1ರಿಂದಲೂ 2023ರ ಮಾರ್ಚ್ 31ರಿಂದಲೂ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಇದು ಸ್ವಾಗತಾರ್ಹ. ಆದರೆ ನಿಯಮ ಕಾರ್ಖಾನೆಯಿಂದ ಹೊಸದಾಗಿ ಹೊರಬರುವ ಗಾಡಿಗೆ. ಅದಕ್ಕೆ ಮುಂಚೆ ಮಾರಾಟವಾದ ಗಾಡಿಗಳು, ಬೀದಿಬದಿಯಲ್ಲಿ ಬಿಚ್ಚಿ ಮತ್ತೆ ಕಟ್ಟಿಸಿದ ಬ್ಯಾಟರಿಗಳು, ಅಗ್ಗದ ಚಾರ್ಜರುಗಳು ಊರಲ್ಲಿ ಇದ್ದೇ ಇವೆ. ಪಟ್ಟಣದಲ್ಲಿ ಒಬ್ಬರ ಕೈಯಲ್ಲಿ ಹಳತಾದ ಗಾಡಿ ಎರಡನೆಯವರ ಕೈ ದಾಟಿ ಮೂರನೆಯವರ ಕೈಗೆ ಬರುವುದು ಹಳ್ಳಿಯಲ್ಲಿ. ಅಪಾಯವೂ ಹಾಗೆಯೇ ಇಳಿದು ಇಳಿದು, ಅದನ್ನು ಭರಿಸುವ ಶಕ್ತಿ ಎಲ್ಲಕ್ಕಿಂತ ಕಡಿಮೆ ಇರುವವರ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಇನ್ನು ನೀರಿನ ಲೆಕ್ಕ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಅಗ್ನಿಶಾಮಕ ಜಲವಾಹನ ಸುಮಾರು 4,500 ಲೀಟರ್ ನೀರು ಹೊತ್ತು ಬರುತ್ತದೆ. ಸ್ಕೂಟರಿನ ಬ್ಯಾಟರಿ ಚಿಕ್ಕದು. ಸಕಾಲದಲ್ಲಿ ತಲುಪಿದರೆ ಅಷ್ಟು ನೀರು ಸಾಕಾಗಬಹುದು. ಕಾರಿನ ಮಾತು ಬೇರೆ. ಅಮೆರಿಕದಲ್ಲಿ 2013ರಲ್ಲಿ ವರದಿಯಾದ ಪರೀಕ್ಷೆಗಳಲ್ಲಿ ಕಾರಿನ ಬ್ಯಾಟರಿಯೊಂದನ್ನು ಆರಿಸಲು ಸಾವಿರ ಲೀಟರಿನಿಂದ ಹಿಡಿದು ಸುಮಾರು 10,000 ಲೀಟರಿನವರೆಗೆ ನೀರು ಬೇಕಾಯಿತು. 2024ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಎಲೆಕ್ಟ್ರಿಕ್ ಲಾರಿಯೊಂದು ಉರಿದಾಗ ಅದನ್ನು ಆರಿಸಿ ತಣಿಸಲು ಬಳಸಿದ ನೀರು ಸುಮಾರು 50,000 ಗ್ಯಾಲನ್. ನಮ್ಮ ಲೆಕ್ಕದಲ್ಲಿ 1,89,000 ಲೀಟರ್. ನಮ್ಮ ಜಲವಾಹನದ ಅಳತೆಯಲ್ಲಿ 42 ಸಲದ ನೀರು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಇಂದು ಸ್ಕೂಟರ್ ಬಂದಿದೆ; ನಾಳೆ ಕಾರು, ನಾಡಿದ್ದು ಬಸ್ಸು, ಸಿಮೆಂಟು ಹೊರುವ ಲಾರಿ. ಎಲ್ಲವೂ ಒಂದಲ್ಲ ಒಂದು ದಿನ ನೀರಿಗೆ ಬಂದೇ ಬರುತ್ತವೆ. ಬೇಸಗೆಯಲ್ಲಿ ಮುಲ್ಲಾಮಾರಿಯ ಪಾತ್ರವನ್ನು ನೋಡಿದವರಿಗೆ ಈ ಮಾತಿನ ತೂಕ ತಿಳಿದೀತು.

ನೀರಿನಷ್ಟೇ ಮುಖ್ಯವಾದುದು ತಿಳಿವಳಿಕೆ. ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುತ್ತೇವೆ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಸ್ಫೋಟಗೊಂಡಾಗ ಮಡಿದ 66 ಜನ ಅಗ್ನಿಶಾಮಕರ ನೆನಪಿಗಾಗಿ ಈ ಆಚರಣೆ. ಆ ಹಡಗಿನಲ್ಲಿ ಹತ್ತಿಯ ಅಂಡಿಗೆಗಳೂ ಇದ್ದವು, ಸ್ಫೋಟಕಗಳೂ ಇದ್ದವು. ಬೆಂಕಿಯನ್ನು ಎದುರಿಸುವವರಿಗೆ ಮೊದಲು ತಿಳಿಯಬೇಕಾದದ್ದು ಉರಿಯುತ್ತಿರುವುದು ಏನು ಎಂಬುದು. ನಮ್ಮಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಹಸಿರು ಬಣ್ಣದ ನಂಬರ್ ಫಲಕವಿದೆ. ಅದನ್ನು ನೋಡಿದೊಡನೆ ಅಗ್ನಿಶಾಮಕರಿಗೆ ಸೂಚನೆ ಸಿಗುತ್ತದೆ. ಆದರೆ ಗಂಟೆಗೆ 25 ಕಿಲೋಮೀಟರಿನ ಒಳಗೆ ಓಡುವ, 250 ವ್ಯಾಟಿನ ಒಳಗಿನ ಮೋಟಾರಿನ ಗಾಡಿಗಳಿಗೆ ನೋಂದಣಿಯೂ ಇಲ್ಲ, ಫಲಕವೂ ಇಲ್ಲ. ಹೊಗೆ ತುಂಬಿದ ಪಡಸಾಲೆಯಲ್ಲಿ ಹಸಿರು ಫಲಕವಾದರೂ ಯಾರಿಗೆ ಕಂಡೀತು? “ಒಳಗೆ ಬ್ಯಾಟರಿ ಗಾಡಿ ಇದೆ” ಎಂದು ದೂರವಾಣಿಯಲ್ಲಿ ಹೇಳುವ ಒಂದು ವಾಕ್ಯ ಆಗ ಅಗ್ನಿಶಾಮಕನ ಜೀವ ಉಳಿಸಬಲ್ಲದು.

ಒಂದು ಸಪ್ತಾಹದಲ್ಲಿ, ಊರಿನ ಹೆಸರು ಬೇಡ, ಶಾಲೆಯ ಬಯಲಿನಲ್ಲಿ ಅಗ್ನಿಶಾಮಕರ ಪ್ರಾತ್ಯಕ್ಷಿಕೆ ನೋಡಲು ಹೋಗಿದ್ದೆ. ತಗಡಿನ ತಟ್ಟೆಯಲ್ಲಿ ಎಣ್ಣೆ ಉರಿಸಿ ನೊರೆಯಿಂದ ಆರಿಸಿದರು. ಅಡುಗೆ ಅನಿಲದ ಸಿಲಿಂಡರಿನ ಬೆಂಕಿಯನ್ನು ಒದ್ದೆ ಗೋಣಿಚೀಲದಿಂದ ಆರಿಸಿ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಅವರಲ್ಲಿ ಹಿರಿಯರೊಬ್ಬರ ಬಳಿ ಹೋಗಿ, “ಬ್ಯಾಟರಿ ಗಾಡಿಗೆ ಹತ್ತಿದರೆ ಏನು ಮಾಡುತ್ತೀರಿ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರ್ ಅವ ಸರ, ಧೈರ್ಯನೂ ಅದ. ಆದರ ಅದರ ಹೊಗಿ ಏನು ಮಾಡ್ತದಂತ ನಮಗ ಯಾರರೆ ಕಲಿಸಿಕೊಟ್ಟಿರಬೇಕಲ್ರಿ” ಎಂದರು. ನನಗೆ ಮರುಮಾತು ಹೊಳೆಯಲಿಲ್ಲ. ಅವರು ಕೇಳಿದ್ದು ಸಂಬಳದ ಏರಿಕೆಯನ್ನಲ್ಲ, ಕಲಿಕೆಯನ್ನು. ಉರಿಯುವ ಮನೆಯೊಳಗೆ ನಮ್ಮ ಪರವಾಗಿ ಹೋಗುವವನಿಗೆ ಅಷ್ಟನ್ನು ನಾವು ಕೊಡಲೇಬೇಕು.

ಹಾಗಾದರೆ ಹಣದ ಲೆಕ್ಕ ನೋಡೋಣ. ಎಲೆಕ್ಟ್ರಿಕ್ ವಾಹನಗಳಿಗೆ ಪ್ರತ್ಯೇಕ ನೀತಿಯನ್ನು 2017ರಲ್ಲಿ ರೂಪಿಸಿದ ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೆ ಮೊದಲಿಗ. ಕೇಂದ್ರ ಸರಕಾರ 2019ರ ಏಪ್ರಿಲ್‌ನಲ್ಲಿ ಆರಂಭಿಸಿದ ‘ಫೇಮ್’ ಯೋಜನೆಯ ಎರಡನೆಯ ಹಂತಕ್ಕೆ ಮೊದಲು 10,000 ಕೋಟಿ, ಅನಂತರ 11,500 ಕೋಟಿ ರೂಪಾಯಿ ನಿಗದಿಯಾಯಿತು. ಅದು ಮುಗಿದ ಮೇಲೆ 2024ರ ಅಕ್ಟೋಬರ್ 1ರಂದು ಬಂದ ‘ಪಿ.ಎಂ. ಇ-ಡ್ರೈವ್’ ಯೋಜನೆಗೆ 10,900 ಕೋಟಿ. ಅದರಲ್ಲಿ ಬ್ಯಾಟರಿ ತುಂಬುವ ಸಾರ್ವಜನಿಕ ಕೇಂದ್ರಗಳಿಗೆಂದೇ 2,000 ಕೋಟಿ. ಸರಕು ಮತ್ತು ಸೇವಾ ತೆರಿಗೆಯನ್ನು ಈ ವಾಹನಗಳ ಮಟ್ಟಿಗೆ 2019ರಲ್ಲಿ ನೂರಕ್ಕೆ 12ರಿಂದ 5ಕ್ಕೆ ಇಳಿಸಲಾಯಿತು. ಗಾಳಿ ಶುದ್ಧವಾಗಲಿ, ಎಣ್ಣೆಯ ಆಮದು ಇಳಿಯಲಿ ಎಂಬ ಉದ್ದೇಶದಿಂದ ಮಾಡಿದ ಈ ವೆಚ್ಚವನ್ನು ನಾನು ಆಕ್ಷೇಪಿಸಲಾರೆ.

ಇನ್ನೊಂದು ಕಡೆ, ಬೆಂಕಿ ಆರಿಸುವ ಸೇವೆಯ ಲೆಕ್ಕವಿದೆ. ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಂತೆ, ರಾಜ್ಯಗಳ ಅಗ್ನಿಶಾಮಕ ಸೇವೆಗಳನ್ನು ವಿಸ್ತರಿಸಿ ಆಧುನೀಕರಿಸಲು ಕೇಂದ್ರ ಸರಕಾರ 2023ರ ಜುಲೈಯಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಆರಂಭಿಸಿತು. ಅದರಲ್ಲಿ 500 ಕೋಟಿ ಸುಧಾರಣೆ ಕೈಗೊಂಡ ರಾಜ್ಯಗಳಿಗೆ ಪ್ರೋತ್ಸಾಹ. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳನ್ನು ಬಿಟ್ಟು ಉಳಿದವು ವೆಚ್ಚದ ನೂರಕ್ಕೆ 25 ಪಾಲನ್ನು ತಾವೇ ಹಾಕಬೇಕು. ಈ ಮೊತ್ತ ಇಡೀ ದೇಶದ ಎಲ್ಲ ಬಗೆಯ ಬೆಂಕಿಗೆ: ಕಾಡಿನ ಅಂಚಿಗೆ, ಕಾರ್ಖಾನೆಗೆ, ಮಹಡಿಮನೆಗೆ, ಬಣವೆಗೆ, ಬ್ಯಾಟರಿಗೆ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಒಂದು ಬಗೆಯ ಗಾಡಿಯನ್ನು ಮನೆಗೆ ತರಲು ಕೊಟ್ಟ ಹಣ ಎಲ್ಲ ಬಗೆಯ ಬೆಂಕಿಯನ್ನು ಆರಿಸಲು ಕೊಟ್ಟ ಹಣಕ್ಕಿಂತ ಹಲವು ಪಟ್ಟು ಹೆಚ್ಚು ಎಂಬುದು ಕಾಣುತ್ತದೆ. ಉದ್ದೇಶಗಳು ಬೇರೆ ಬೇರೆ, ನಿಜ. ಆದರೆ ಗಾಡಿಯ ಜೊತೆಗೆ ಬಂದ ಅಪಾಯ ಗಾಡಿಯ ಲೆಕ್ಕದಲ್ಲಿ ಬರೆಯಲ್ಪಟ್ಟಿಲ್ಲ. ಅದನ್ನು ಠಾಣೆಯ ಹಳೆಯ ಲೆಕ್ಕಕ್ಕೆ ಸುಮ್ಮನೆ ಸೇರಿಸಿಬಿಟ್ಟಿದ್ದೇವೆ.

ನನ್ನ ಸೂಚನೆ ಸರಳವಾದುದು. ವಾಹನವನ್ನು ಪ್ರೋತ್ಸಾಹಿಸುವ ಪ್ರತಿಯೊಂದು ಯೋಜನೆಯಲ್ಲಿಯೂ ನೂರಕ್ಕೆ ಒಂದು ರೂಪಾಯಿಯನ್ನಾದರೂ ಅದರ ಬೆಂಕಿಯನ್ನು ಎದುರಿಸುವವರ ಕಲಿಕೆಗೆ, ಸಲಕರಣೆಗೆ ಮೊದಲೇ ತೆಗೆದಿಡಬೇಕು. 10,900 ಕೋಟಿಯಲ್ಲಿ ನೂರಕ್ಕೊಂದು ಎಂದರೆ 109 ಕೋಟಿ. ದೇಶದ ಅಗತ್ಯದ ಮುಂದೆ ಅದು ಸಮುದ್ರವಲ್ಲ. ಆದರೆ ಒಂದು ಬಾವಿ. ಮತ್ತು ಅದು ನಮ್ಮ ಹಳ್ಳಿಯ ಪಟ್ಟಿಯ ನ್ಯಾಯಕ್ಕೆ ಒಪ್ಪುವಂಥದು: ಹೆಚ್ಚು ಲಾಭ ಪಡೆದವನು ಹೆಚ್ಚು ಕೊಡಲಿ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಗಾಡಿ ತಯಾರಿಸುವವರೇ ಕೊಡಲಿ ಎನ್ನುವರು ಕೆಲವರು. ಕೊಡಲಿ, ಯಾವ ಬ್ಯಾಟರಿಯಲ್ಲಿ ಏನಿದೆ, ಅದನ್ನು ಹೇಗೆ ಬೇರ್ಪಡಿಸಬೇಕು ಎಂಬ ತಿಳಿವಳಿಕೆಯನ್ನಂತೂ ಅವರು ಠಾಣೆಗಳಿಗೆ ಕೊಡಲೇಬೇಕು. ಆದರೆ ತಯಾರಕನ ಔದಾರ್ಯವನ್ನು ನಂಬಿ ಊರಿನ ಬಾವಿಯನ್ನು ತೋಡಲಾಗದು. ಕೊಳ್ಳುವವನೇ ತೆರಲಿ ಎನ್ನುವರು ಇನ್ನು ಕೆಲವರು. ಬೆಂಕಿ ಕೊಂಡವನ ಮನೆಯಲ್ಲಿಯೇ ನಿಲ್ಲುವುದಾದರೆ ಆ ವಾದ ಸರಿ. ಸಿಕಂದರಾಬಾದಿನಲ್ಲಿ ಸತ್ತವರು ಸ್ಕೂಟರ್ ಕೊಳ್ಳಲು ಬಂದವರಲ್ಲ, ಮೇಲಿನ ವಸತಿಗೃಹದಲ್ಲಿ ತಂಗಿದ್ದವರು. ಅಕ್ಕಪಕ್ಕದವರ ಪ್ರಾಣ ಸಾರ್ವಜನಿಕ ವಿಷಯವಾದ್ದರಿಂದ ಅದರ ರಕ್ಷಣೆಯೂ ಸಾರ್ವಜನಿಕ ನಿಧಿಯಿಂದಲೇ ಆಗಬೇಕು.

ಇನ್ನೊಂದು ತೊಡಕಿದೆ. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ಪುರಸಭೆಗಳ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ಅದನ್ನು ನಡೆಸುತ್ತಿರುವುದು ರಾಜ್ಯ ಸರಕಾರದ ಇಲಾಖೆ. ವಿಶೇಷ ಅನುದಾನ ಬರುವುದು ಕೇಂದ್ರದಿಂದ. ಮೂವರು ಹೊಣೆಗಾರರಿರುವ ಮನೆಯಲ್ಲಿ ದೀಪ ಹಚ್ಚುವವರಾರು ಎಂಬ ಪ್ರಶ್ನೆ ಏಳುವುದು ಸಹಜ. ಹಣ ಬಂದಾಗಲೂ ಅದು ಮೊದಲು ಹೋಗುವುದು ದೊಡ್ಡ ನಗರಕ್ಕೆ. 90 ಮೀಟರ್ ಎತ್ತರಕ್ಕೆ ಚಾಚುವ ಏಣಿವಾಹನ ಬೆಂಗಳೂರಿಗೆ ಬಂದಿದೆ. ಅಲ್ಲಿ ಮಹಡಿಗಳ ಮೇಲೆ ಮಹಡಿಗಳಿವೆ, ಬೇಕು. ಚಿಂಚೋಳಿಗೆ ಅಂಥ ಏಣಿ ಬೇಡ. ಇಲ್ಲಿ ಬೇಕಾದ್ದು ಕಡಿಮೆ ಬೆಲೆಯದು, ಆದ್ದರಿಂದಲೇ ಯಾರ ಕಣ್ಣಿಗೂ ಬೀಳದಿರುವಂಥದು.

ಏನೇನು? ವಿಷದ ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹೊರುವ ಗಾಳಿಯ ಸಿಲಿಂಡರು ಮತ್ತು ಮುಖವಾಡ, ಪಾಳಿಯಲ್ಲಿರುವ ಪ್ರತಿಯೊಬ್ಬನಿಗೂ ಒಂದರಂತೆ. ಬ್ಯಾಟರಿಯ ಹೊರಮೈಯ ಕಾವು ಇಳಿದಿದೆಯೋ ಇಲ್ಲವೋ ಎಂದು ತೋರಿಸುವ, ಶಾಖವನ್ನು ಗುರುತಿಸುವ ಕ್ಯಾಮೆರಾ ಒಂದು. ಆರಿದ ಗಾಡಿಯನ್ನು ದೂರ ಒಯ್ದು ಕಾವಲಿಡಲು ಬಯಲು ಜಾಗ. ಜಲವಾಹನ ಬೇಗ ನೀರು ತುಂಬಿಕೊಳ್ಳಲು ಚಿಂಚೋಳಿ, ಚಂದಾಪುರ, ಸುಲೇಪೇಟ, ಚಿಮ್ಮನಚೋಡಗಳಲ್ಲಿ ಬೇಸಗೆಯಲ್ಲೂ ಬತ್ತದ ಗೊತ್ತುಪಡಿಸಿದ ನೀರಿನ ನೆಲೆಗಳು. ಗ್ರಾಮಾಂತರದಲ್ಲಿ ಕರೆ ಬಂದ 20 ನಿಮಿಷದೊಳಗೆ ತಲುಪಬೇಕೆಂಬುದು ದೇಶದ ಅಗ್ನಿಶಾಮಕ ಸೇವೆಯವರು ಆದರ್ಶವಾಗಿ ಇಟ್ಟುಕೊಂಡ ಅಳತೆ. ಕುಂಚಾವರಂ ಕಾಡಿನ ತಾಂಡಾಗಳಿಗೆ ಹೋದವರು ಆ ಅಳತೆಯನ್ನು ಕೇಳಿ ನಗದೆ ಇರಲಾರರು. ಅಂಥ ಕಡೆ ವಾಹನ ಬರುವವರೆಗೆ ಕೈಗೊಳ್ಳಬೇಕಾದ ಕ್ರಮವನ್ನು ಊರಿನ ನಾಲ್ಕಾರು ತರುಣರಿಗೆ ಕಲಿಸಿಡುವುದೇ ವಿವೇಕ.

ನೆರೆಹೊರೆಯ ನೆರವೂ ಒಂದು ನಿಧಿಯೇ. ಸೇಡಂ, ವಾಡಿ, ಚಿತ್ತಾಪುರ, ಶಹಾಬಾದ್ ಸೀಮೆ ಸಿಮೆಂಟಿನ, ಕಲ್ಲಿನ ಸೀಮೆ. ದೊಡ್ಡ ಕಾರ್ಖಾನೆಗಳಿಗೆ ತಮ್ಮವೇ ಆದ ಬೆಂಕಿನಿವಾರಣೆಯ ವ್ಯವಸ್ಥೆ, ತರಬೇತಾದ ಜನ ಇರುತ್ತಾರೆ. ಕಲಬುರಗಿಯಿಂದ ಸುಮಾರು 80 ಕಿಲೋಮೀಟರ್ ದೂರದ ಚಿಂಚೋಳಿಗೆ ಜಿಲ್ಲಾ ಕೇಂದ್ರದ ನೆರವು ಬರುವುದಕ್ಕಿಂತ ಮೊದಲು ಸೇಡಂ ಕಡೆಯಿಂದಲೋ, ಗಡಿಯಾಚೆಯ ತಾಂಡೂರಿನಿಂದಲೋ ಬರಬಹುದು. ಯಾರು ಯಾರನ್ನು ಕರೆಯಬೇಕು, ಖರ್ಚನ್ನು ಯಾರು ಭರಿಸಬೇಕು ಎಂಬ ಒಪ್ಪಂದವನ್ನು ಶಾಂತವಾದ ದಿನ ಕುಳಿತು ಬರೆದಿಡಲು ಹೆಚ್ಚು ಹಣ ಬೇಕಿಲ್ಲ.

ಹಣವೇ ಇಲ್ಲ ಎನ್ನುವುದಕ್ಕೂ ಈ ಭಾಗದಲ್ಲಿ ಆಸ್ಪದ ಕಡಿಮೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371 ಜೆ ವಿಧಿ ಬಂದಿತು; ಅದರ ಫಲವಾಗಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಪ್ರತ್ಯೇಕ ಅನುದಾನ ದೊರೆತವು. ಪ್ರಾದೇಶಿಕ ಅಸಮತೋಲನವನ್ನು ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿಯೇ ಚಿಂಚೋಳಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಹಿಂದುಳಿದಿರುವಿಕೆಯನ್ನು ನಾವು ರಸ್ತೆ, ಶಾಲೆ, ಆಸ್ಪತ್ರೆಗಳಿಂದ ಅಳೆಯುತ್ತೇವೆ. ಬೆಂಕಿ ಬಿದ್ದಾಗ ನೆರವು ಎಷ್ಟು ಹೊತ್ತಿಗೆ ಬಂದೀತು ಎಂಬುದೂ ಒಂದು ಅಳತೆಗೋಲು. ಮಂಡಳಿಯ ಕಟ್ಟಡಗಳ ಪಟ್ಟಿಯಲ್ಲಿ ಉಸಿರಾಟದ ಮುಖವಾಡಕ್ಕೂ ಒಂದು ಸಾಲು ದೊರೆತರೆ ಅದರಿಂದ ಅಭಿವೃದ್ಧಿಗೆ ಕುಂದುಂಟಾಗದು.

ಸಾರ್ವಜನಿಕ ಹಣ ಬೆಂಕಿ ಆರಿಸಲು ಮಾತ್ರವಲ್ಲ, ಬೆಂಕಿಯನ್ನು ಮನೆಯಿಂದ ಹೊರಗಿಡಲೂ ಬಳಕೆಯಾಗಬೇಕು. ನ್ಯೂಯಾರ್ಕ್ ನಗರದ ಅನುಭವ ಇಲ್ಲಿ ಬೋಧಪ್ರದ. ಅಲ್ಲಿ ಮನೆಮನೆಗೆ ಊಟ ತಲುಪಿಸುವ ಬಡ ಕೆಲಸಗಾರರು ಬ್ಯಾಟರಿ ಸೈಕಲ್ಲುಗಳನ್ನು ಇಕ್ಕಟ್ಟಾದ ಕೋಣೆಗಳಲ್ಲಿ ತುಂಬಿಸಿಕೊಳ್ಳುತ್ತಿದ್ದರು. 2023ರಲ್ಲಿ ಲಿಥಿಯಂ ಬ್ಯಾಟರಿಯ 268 ಬೆಂಕಿಗಳಲ್ಲಿ 18 ಜನ ಸತ್ತರು. ನಗರ ನಿಯಮ ಬಿಗಿ ಮಾಡಿತು, ತಿಳಿವಳಿಕೆ ಹರಡಿತು, ಬೀದಿಯಲ್ಲಿ ಬ್ಯಾಟರಿ ತುಂಬುವ ತಾಣಗಳಿಗೆ ಹಣ ಹುಡುಕಿತು. ಮರುವರ್ಷ ಬೆಂಕಿಗಳ ಸಂಖ್ಯೆ ಇಳಿಯಲಿಲ್ಲ. ಆದರೆ ಮನೆಯೊಳಗಿನ ಬೆಂಕಿಗಳು ಕಡಿಮೆಯಾಗಿ ಹೊರಗಿನವು ಹೆಚ್ಚಾದವು. ಸಾವುಗಳು 6ಕ್ಕೆ ಇಳಿದವು. ಬೆಂಕಿ ಅಷ್ಟೇ ಇದ್ದರೂ ಅದು ಹೊತ್ತಿಕೊಂಡ ಜಾಗ ಬದಲಾದುದರಿಂದ ಎಷ್ಟೋ ಪ್ರಾಣಗಳು ಉಳಿದವು. ನಮ್ಮ ಬಸ್ ನಿಲ್ದಾಣದ ಬದಿಯಲ್ಲಿ, ಸಂತೆಯ ಬಯಲಿನಲ್ಲಿ, ಪಂಚಾಯತಿಯ ಅಂಗಳದಲ್ಲಿ, ಮನೆಗಳಿಂದ ದೂರವಾಗಿ, ತಗಡಿನ ನೆರಳಿನ ಕೆಳಗೆ ಬ್ಯಾಟರಿ ತುಂಬುವ ಚಪ್ಪರವೊಂದನ್ನು ಹಾಕಿದರೆ, ಅದೂ ಒಂದು ಬಾವಿಯೇ.

ಅದು ಬರುವವರೆಗೆ ನಾವೇ ಮಾಡಿಕೊಳ್ಳಬಹುದಾದ ಕೆಲವು ಕೆಲಸಗಳಿವೆ. ಹೊರಬರುವ ಬಾಗಿಲಿನ ಹಾದಿಯಲ್ಲಿ, ಮೆಟ್ಟಿಲ ಕೆಳಗೆ ಗಾಡಿಯನ್ನು ನಿಲ್ಲಿಸಿ ಬ್ಯಾಟರಿ ತುಂಬಿಸಬಾರದು. ಎಲ್ಲರೂ ಮಲಗಿರುವಾಗ ಅದನ್ನು ತುಂಬಲು ಬಿಡಬಾರದು. ಗಾಡಿಯೊಡನೆ ಬಂದ ಚಾರ್ಜರನ್ನೇ ಬಳಸಬೇಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಓಡಿಸಿ ತಂದ ಗಾಡಿಯನ್ನು ಸ್ವಲ್ಪ ಹೊತ್ತು ನೆರಳಲ್ಲಿ ತಣಿಯಲು ಬಿಟ್ಟು ಆಮೇಲೆ ತಂತಿ ಜೋಡಿಸಬೇಕು. ಹೊಗೆ ಕಂಡರೆ ಗಾಡಿಯನ್ನು ಉಳಿಸಲು ಹೋಗದೆ ಜನರನ್ನು ಹೊರಗೆ ಕರೆದು, 112ಕ್ಕೋ 101ಕ್ಕೋ ಕರೆ ಮಾಡಿ, ಉರಿಯುತ್ತಿರುವುದು ಬ್ಯಾಟರಿ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಮೊನ್ನೆ ಆ ಓಣಿಗೆ ಮತ್ತೆ ಹೋಗಿದ್ದೆ. ತರುಣ ಗಾಡಿಯನ್ನು ಪಡಸಾಲೆಯಿಂದ ಕೆಳಗಿಳಿಸಿ, ಹಿತ್ತಲ ಗೋಡೆಯಾಚೆ ಬೇವಿನ ಮರದ ಕೆಳಗೆ ತಗಡಿನ ಮಾಡು ಹಾಕಿ ನಿಲ್ಲಿಸಿದ್ದ. ಮುದುಕಿಯ ಮಾತು ನಾಟಿತ್ತೋ, ಪತ್ರಿಕೆಯ ಸುದ್ದಿ ನಾಟಿತ್ತೋ, ನಾನು ಕೇಳಲಿಲ್ಲ. ತನ್ನ ಪಾಲಿನ ಪಟ್ಟಿಯನ್ನು ಅವನು ಕೊಟ್ಟಾಗಿತ್ತು. ಮುದುಕಿ ಮಾತ್ರ ಕಟ್ಟೆಯ ಮೇಲೆ ಅದೇ ಜಾಗದಲ್ಲಿ ಕುಳಿತಿದ್ದಳು. ನನ್ನನ್ನು ಕಂಡು, “ಗಾಡಿ ಹೊರಗ ಹೋತು, ಛಲೋ ಆತು. ನೀರಿನ ಮಾತು ಏನಾತ್ರಿ?” ಎಂದಳು.

ಆ ಪ್ರಶ್ನೆಗೆ ಒಬ್ಬ ತರುಣ ಉತ್ತರ ಕೊಡಲಾರ, ಒಬ್ಬ ಭಾಷಣಕಾರನೂ ಕೊಡಲಾರ. ಪಟ್ಟಿ ಎತ್ತಬೇಕಾದವರು ಎತ್ತಬೇಕು, ಕೊಡಬೇಕಾದವರು ಕೊಡಬೇಕು, ಅದೂ ಹಲಗೆಯ ಸದ್ದು ಕೇಳುವುದಕ್ಕೆ ಮುಂಚೆ.